ಸಾವಿರ ಹೊಸ ಆಟ, ನಾಲ್ಕೇ ದಿನ: ಎಸ್ಸೆನ್ ಮೇಳದಲ್ಲಿ ಅಪರೂಪದ ಬೋರ್ಡ್ ಗೇಮ್ ಹುಡುಕೋದು ಹೇಗೆ?

ಬೋರ್ಡ್ ಗೇಮ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಕೇರಂ, ಚೆಸ್, ಲೂಡೊ, ಹಾವು-ಏಣಿ. ರಜೆ ಬಂದಾಗ ಅಟ್ಟದಿಂದ ಇಳಿಯುತ್ತವೆ, ಶಾಲೆ ಶುರುವಾದ ಮೇಲೆ ಮತ್ತೆ ಅಟ್ಟ ಸೇರುತ್ತವೆ. ಆದರೆ ಜರ್ಮನಿಯ ಎಸ್ಸೆನ್ ನಗರದಲ್ಲಿ ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ಇಂಥ ಆಟಗಳದ್ದೇ ಒಂದು ದೊಡ್ಡ ಮೇಳ ನಡೆಯುತ್ತದೆ. 2024ರಲ್ಲಿ ನಾಲ್ಕು ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಓದು, ಕೆಲಸ ಅಂತ ಜರ್ಮನಿ ಸೇರಿದ ನಮ್ಮೂರಿನ ಮಕ್ಕಳು ಈಗ ಕಡಿಮೆಯೇನಿಲ್ಲ. ಅಲ್ಲಿಗೆ ಹೋಗುವವರಿಗೂ, ಇಲ್ಲೇ ಕೂತು 'ಇದೇನಪ್ಪಾ ಹುಚ್ಚು' ಅಂತ ಕೇಳುವವರಿಗೂ ಇಲ್ಲಿದೆ ಮಾಹಿತಿ.

ಏನಿದು ಮೇಳ?

ಇದರ ಹೆಸರು 'ಶ್ಪೀಲ್'. ಜರ್ಮನ್ ಭಾಷೆಯಲ್ಲಿ ಹಾಗಂದ್ರೆ 'ಆಟ'. ಶುರುವಾಗಿದ್ದು 1983ರಲ್ಲಿ. ಎಸ್ಸೆನ್ ಒಂದು ಕಾಲದಲ್ಲಿ ಕಲ್ಲಿದ್ದಲು, ಉಕ್ಕಿಗೆ ಹೆಸರಾಗಿದ್ದ ಊರು. ಈಗ ಆಟ ಇಷ್ಟಪಡುವವರಿಗೆ ಅದು ಯಾತ್ರಾಸ್ಥಳ ಇದ್ದಂತೆ.

ಅದೇ ದೇಶದ ನ್ಯೂರೆಂಬರ್ಗ್‌ನಲ್ಲಿ ಆಟಿಕೆಗಳ ಇನ್ನೊಂದು ಹೆಸರಾಂತ ಮೇಳ ಇದೆ. ಆದರೆ ಅಲ್ಲಿಗೆ ಪ್ರವೇಶ ವ್ಯಾಪಾರಿಗಳಿಗೆ ಮಾತ್ರ. ಎಸ್ಸೆನ್ ಹಾಗಲ್ಲ. ಟಿಕೆಟ್ ತಗೊಂಡ ಯಾರು ಬೇಕಾದರೂ ಒಳಗೆ ಹೋಗಬಹುದು, ಮೇಜಿನ ಮುಂದೆ ಕೂತು ಹೊಸ ಆಟ ಆಡಿ ನೋಡಬಹುದು, ಇಷ್ಟವಾದರೆ ಅಲ್ಲೇ ಕೊಂಡು ತರಬಹುದು. ದೊಡ್ಡ ಕಂಪನಿಯ ಮಳಿಗೆಯ ಪಕ್ಕದಲ್ಲೇ, ಉಳಿತಾಯದ ದುಡ್ಡು ಹಾಕಿ ಒಂದೇ ಒಂದು ಆಟ ಅಚ್ಚು ಹಾಕಿಸಿಕೊಂಡು ಬಂದ ಗಂಡ-ಹೆಂಡತಿಯೂ ಕೂತಿರಬಹುದು. ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಇಲ್ಲಿ ಬರುತ್ತವೆ.

ಆಟವೊಂದು 'ಅಪರೂಪ' ಆಗೋದು ಹೇಗೆ?

ಹಳೆಯದಾದ್ರೆ ಅಪರೂಪ ಅಂತ ನಾವು ಅಂದ್ಕೊಳ್ತೇವೆ. ಆದರೆ ಬೋರ್ಡ್ ಗೇಮ್ ಲೋಕದಲ್ಲಿ ಮುಖ್ಯವಾದದ್ದು ಎಷ್ಟು ಪ್ರತಿ ಅಚ್ಚಾಯಿತು ಅನ್ನೋದು. ಕ್ಲಾಸ್ ಟಾಯ್ಬರ್ ಅವರ 'ಕಟಾನ್' 1995ರಲ್ಲಿ ಬಂತು, 4 ಕೋಟಿಗೂ ಹೆಚ್ಚು ಮಾರಾಟವಾಯಿತು. ಮೂವತ್ತು ವರ್ಷ ಹಳೆಯದಾದರೂ ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಅದೇ ಜಪಾನಿನ ಒಬ್ಬ ಹವ್ಯಾಸಿ ಕೆಲವೇ ನೂರು ಪ್ರತಿ ಮಾಡಿಸಿ ತಂದ ಕಾರ್ಡ್ ಆಟ ಮೊದಲ ದಿನ ಮಧ್ಯಾಹ್ನಕ್ಕೇ ಖಾಲಿಯಾಗಬಹುದು. ಅದು ಚೆನ್ನಾಗಿ ಓಡದಿದ್ದರೆ, ಅಥವಾ ಮತ್ತೆ ಅಚ್ಚು ಹಾಕಲು ದುಡ್ಡಿಲ್ಲದಿದ್ದರೆ, ಅಲ್ಲಿಗೆ ಮುಗೀತು.

ಹಾಗಂತ ಅಪರೂಪದ ಆಟ ಅಂದ್ರೆ ಬಂಗಾರ ಅಂತ ತಿಳಿಯಬೇಡಿ. ನೆದರ್ಲೆಂಡ್ಸ್‌ನ ಸ್ಪ್ಲಾಟರ್ ಅನ್ನೋ ಪುಟ್ಟ ಸಂಸ್ಥೆಯ ಆಟಗಳು ಕಡಿಮೆ ಪ್ರತಿ ಬರುತ್ತಿದ್ದ ಕಾರಣ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ತುಂಬಾ ದುಬಾರಿಯಾಗಿದ್ದವು. ಮರುಮುದ್ರಣ ಆದ ಕೂಡಲೇ ಇಂಥ ರೇಟು ಇಳಿಯುತ್ತದೆ. ಲಾಭದ ಆಸೆಗೆ ಕೊಂಡವರ ಕೈಯಲ್ಲಿ ಉಳಿಯೋದು ಪೆಟ್ಟಿಗೆ ಮಾತ್ರ.

ಹುಡುಕೋದು ಹೇಗೆ?

ಮನೆಯಲ್ಲೇ ಅರ್ಧ ಕೆಲಸ ಮುಗಿಸಿ. ಮೇಳಕ್ಕೆ ಬರುವ ಹೊಸ ಆಟಗಳ ಪಟ್ಟಿ ಬೋರ್ಡ್‌ಗೇಮ್‌ಗೀಕ್ ಜಾಲತಾಣದಲ್ಲಿ ಮೊದಲೇ ಸಿಗುತ್ತದೆ. ಆಟದ ಹೆಸರು, ಹಾಲ್ ನಂಬರ್, ಮಳಿಗೆ ನಂಬರ್ ಬರೆದಿಟ್ಟುಕೊಳ್ಳಿ. ಮುಂಗಡ ಬುಕಿಂಗ್ ಇದ್ದರೆ ಮಾಡಿ.

ಮೇಳ ಗುರುವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಗುರುವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಸಣ್ಣ ಮಳಿಗೆಗಳ ಕಡೆ ಹೋಗಿ. ದೊಡ್ಡ ಕಂಪನಿಗಳ ಆಟ ಆಮೇಲೆ ಅಂಗಡಿಗಳಿಗೂ ಬರುತ್ತದೆ, ಅದಕ್ಕೆ ಓಡಬೇಕಿಲ್ಲ.

'ಫೇರ್‌ಪ್ಲೇ' ಅನ್ನೋ ಜರ್ಮನ್ ಪತ್ರಿಕೆ, ಆಟ ಆಡಿ ಬಂದವರಿಂದಲೇ ಅಂಕ ಪಡೆದು ಮೇಳದಲ್ಲಿ ಪಟ್ಟಿ ಹಾಕುತ್ತದೆ. ನೆನಪಿರಲಿ, ಜರ್ಮನ್ ಶಾಲೆಗಳ ಲೆಕ್ಕದಲ್ಲಿ 1 ಅಂದ್ರೆ ಅತ್ಯುತ್ತಮ, 6 ಅಂದ್ರೆ ಫೇಲ್! ಆದರೆ ಮೂಲೆಯ ಮಳಿಗೆಯ ಆಟವನ್ನು ಆಡಿದವರೇ ಕಡಿಮೆ ಇರುವುದರಿಂದ ಅದು ಪಟ್ಟಿಯಲ್ಲಿ ಕಾಣದೇ ಇರಬಹುದು. ಅದನ್ನು ನೀವೇ ಕೂತು ಆಡಿ ನೋಡಬೇಕು.

ಆಡಿಸಿ ತೋರಿಸೋಕೆ ಮೇಜಿನ ಹತ್ತಿರ ಜನ ಇರುತ್ತಾರೆ. ಅವರಿಗೆ ಅಲ್ಲಿ ತಮಾಷೆಗೆ 'ವಿವರಿಸುವ ಕರಡಿ' ಅಂತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ನಿಯಮ ಹೇಳಿ ಹೇಳಿ ಗಂಟಲು ಕಟ್ಟಿದರೂ ಹೇಳುತ್ತಲೇ ಇರುತ್ತಾರೆ.

ಕೊಳ್ಳುವ ಮುನ್ನ ನೋಡಿ

* ನಿಯಮ ಪುಸ್ತಕ ನಿಮಗೆ ಗೊತ್ತಿರುವ ಭಾಷೆಯಲ್ಲಿ ಇದೆಯಾ? ಕಾರ್ಡ್‌ಗಳ ಮೇಲೆ ಬರಹ ಎಷ್ಟಿದೆ? ಬರೀ ಚಿತ್ರ, ಅಂಕಿ ಇದ್ದರೆ ನಿಯಮ ಒಂದು ಸಲ ಕಲಿತರೆ ಸಾಕು.
* ಹಳೆ ಆಟ ಮಾರುವವರೂ ಇರುತ್ತಾರೆ. ನಿಯಮ ಪುಸ್ತಕದಲ್ಲಿ ಕೊಟ್ಟಿರುವ ಪಟ್ಟಿ ಹಿಡಿದು ಕಾಯಿ, ದಾಳ, ಕಾರ್ಡ್ ಎಲ್ಲಾ ಎಣಿಸಿ. ಒಂದು ಕಾಯಿ ಇಲ್ಲದಿದ್ದರೂ ಆಟ ನಿಲ್ಲಬಹುದು.
* ದೊಡ್ಡ ಪೆಟ್ಟಿಗೆ ಸುಮಾರು 30 ಸೆಂ.ಮೀ. ಉದ್ದ-ಅಗಲ, ಎರಡು ಮೂರು ಕೆಜಿ ತೂಕ ಇರುತ್ತದೆ. ವಿಮಾನದಲ್ಲಿ 23 ಕೆಜಿ ಮಿತಿ ಇದ್ದರೆ ಐದಾರು ಪೆಟ್ಟಿಗೆಗೇ ಸೂಟ್‌ಕೇಸ್ ತುಂಬಿತು.

ನಮಗೂ ಇದಕ್ಕೂ ಏನು ಸಂಬಂಧ?

ಇದೆ. ನಮ್ಮ ಪಗಡೆಯ ಬಳಗದ ಪಚೀಸಿ ಇಂಗ್ಲೆಂಡಿಗೆ ಹೋಗಿ, 1896ರಲ್ಲಿ ಪೇಟೆಂಟ್ ಪಡೆದು 'ಲೂಡೊ' ಆಯಿತು. ಅದೇ ಬಳಗದ ಇನ್ನೊಂದು ಆಟ 1914ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥ 'ಮಾರಾಯಾ, ಸಿಟ್ಟು ಮಾಡ್ಕೋಬೇಡ'! ಕಾಯಿ ಹೊಡೆಸಿಕೊಂಡವರಿಗೆ ಇದಕ್ಕಿಂತ ಒಳ್ಳೆ ಮಾತು ಇದೆಯಾ? ಇವತ್ತಿಗೂ ಅಲ್ಲಿ ಮನೆಮನೆಯಲ್ಲಿ ಇರುವ ಆಟ ಅದು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೂ ಆಟಗಳ ಹುಚ್ಚಿತ್ತು. 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ' ಭಾಗದಲ್ಲಿ ಆಟಗಳನ್ನು ದಾಖಲಿಸಿ ಹೋದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನದ ಮೂಲಕ ಚೌಕಾಬಾರ, ಅಳಗುಳಿಮಣೆಯಂಥ ಆಟಗಳನ್ನು ಮತ್ತೆ ಜನರ ಮುಂದಿಟ್ಟಿದೆ.

ಇನ್ನು ನಮ್ಮ ತುಳುನಾಡಿನ ಚೆನ್ನೆಮಣೆ. ಹದಿನಾಲ್ಕು ಗುಳಿ, ಮಂಜೊಟ್ಟಿ ಕಾಯಿ, ಹೊರಗೆ ಆಟಿ ತಿಂಗಳ ಮಳೆ. ಸಿರಿ ಪಾಡ್ದನದ ಅಬ್ಬಗ-ದಾರಗ ಅಕ್ಕತಂಗಿಯರ ಜಗಳ ಹುಟ್ಟಿದ್ದೇ ಈ ಮಣೆಯ ಮುಂದೆ. ಈಗ ಎಷ್ಟೋ ಮನೆಗಳಲ್ಲಿ ಮಣೆ ಶೋಕೇಸ್‌ನಲ್ಲಿದೆ. ಒಂದೇ ಮಣೆಯಲ್ಲಿ ಹಲವು ಬಗೆಯ ಆಟ ಆಡ್ತಾರೆ, ಆದರೆ ಅಷ್ಟೂ ಬಗೆ ಗೊತ್ತಿರೋದು ಅಜ್ಜಿಯಂದಿರಿಗೆ.

ಎಸ್ಸೆನ್‌ನಲ್ಲಿ ಆಟ ಕೊಂಡರೆ ಪೆಟ್ಟಿಗೆಯೊಳಗೆ ನಿಯಮ ಪುಸ್ತಕವೂ ಬರುತ್ತದೆ. ಚೆನ್ನೆಮಣೆಯ ಜೊತೆ ಅದು ಬರೋದಿಲ್ಲ, ಹೇಳಿಕೊಡುವವರು ಬೇಕು. ಮಣೆ ಪೇಟೆಯಲ್ಲಿ ಇನ್ನೊಂದು ಸಿಗಬಹುದು, ಆಡುವ ಕ್ರಮ ಸಿಗಲ್ಲ. ಮನೆಯಲ್ಲಿ ಗೊತ್ತಿರುವ ಹಿರಿಯರಿದ್ದರೆ ಈ ಆಟಿಯಲ್ಲಿ ಒಮ್ಮೆ ಎದುರು ಕೂತು ಆಡಿ, ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಕಾಯಿ ಯಾವ ಗುಳಿಯಿಂದ ಎತ್ತಿದರು, ಎಲ್ಲಿ ನಿಲ್ಲಿಸಿದರು, ಯಾವಾಗ ಗೆದ್ದರು ಅನ್ನೋದು ಅದರಲ್ಲಿ ಕಾಣುವಂತಿರಲಿ.