ತಿರುಳೂ ಕೆಂಪಾದ ದ್ರಾಕ್ಷಿ

ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ಕೆಂಪು ರಸ ಬರುತ್ತದೆ ಎಂದುಕೊಂಡಿದ್ದೀರಾ? ಬಹುತೇಕ ತಳಿಗಳಲ್ಲಿ ರಸಕ್ಕೆ ಹೆಚ್ಚು ಬಣ್ಣವಿರುವುದಿಲ್ಲ; ರೆಡ್ ವೈನ್‌ನ ಕೆಂಪು ಸಿಪ್ಪೆಯದು. ಜಾರ್ಜಿಯಾ ದೇಶದ ಸಪೆರಾವಿ ಇದಕ್ಕೆ ಅಪವಾದ. ಅದರ ತಿರುಳೂ ಕೆಂಪು, ವೈನ್ ಮಸಿಯಷ್ಟು ಗಾಢ. ಕಾಖೆತಿ ಪ್ರಾಂತ್ಯದಲ್ಲಿ ಇದನ್ನು ನೆಲದಲ್ಲಿ ಬಾಯಿಮಟ್ಟ ಹೂತ ‘ಕ್ವೆವ್ರಿ’ ಎಂಬ ಮಣ್ಣಿನ ಗುಡಾಣಗಳಲ್ಲೂ ಹುದುಗಿಸುತ್ತಾರೆ. ಈ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಪ್ರಾಂತ್ಯದ ಮುಕುಜಾನಿ ಎಂಬಲ್ಲಿ ಇದೇ ಹಣ್ಣು ಓಕ್ ಪೀಪಾಯಿಯಲ್ಲಿ ಮಾಗಿ ಸಿಹಿಯಿಲ್ಲದ, ಒಗರು ವೈನ್ ಆಗುತ್ತದೆ. ಅಲ್ಲಿನದೇ ಕಿಂಡ್ಜ್‌ಮರೌಲಿಯ ವೈನ್ ಅರೆಸಿಹಿ. ಹಣ್ಣಿನಲ್ಲಿ ಹುಳಿ ಧಾರಾಳವಾಗಿರುವುದರಿಂದ ಆ ಸಿಹಿ ಮುಖಕ್ಕೆ ಹೊಡೆಯದು. ಅಂದಹಾಗೆ, ಅದು ಹೊರಗಿನಿಂದ ಬೆರೆಸಿದ ಸಕ್ಕರೆಯಲ್ಲ. ಹುದುಗುವಿಕೆಯನ್ನು ನಡುವೆಯೇ ತಂಪುಮಾಡಿ ನಿಲ್ಲಿಸಿದಾಗ ಉಳಿಯುವ ದ್ರಾಕ್ಷಿಯದೇ ಸಿಹಿ.