ಚಕ್ಕಡಿ ಹೂಡುವ ಮೊದಲು ಹೆಗಲು ಮುಟ್ಟಿ ನೋಡಿ



ಮನೆಯ ಹುಡುಗರು ಹಾಲು ಕರೆಯಲು ಕಲಿತ ಮೇಲೆ ಚಕ್ಕಡಿ ಹೊಡೆಯಲು ಆಸೆಪಡುವುದು ಸಹಜ. ಅವರಿಗೆ ಮೊದಲ ಪಾಠ ಕೊಟ್ಟಿಗೆಯಲ್ಲೇ ಆಗಬೇಕು.

ಖಾನಾಪುರ ಭಾಗದಲ್ಲಿ ಮಳೆಗಾಲದ ಗದ್ದೆ ಕೆಲಸದಲ್ಲಿ ಎತ್ತಿನ ಹೆಗಲು ದಿನವಿಡೀ ತೊಯ್ದಿರುತ್ತದೆ. ನೆನೆದ ಚರ್ಮಕ್ಕೆ ಒರಟು ನೊಗ ಉಜ್ಜಿದರೆ ಅಥವಾ ಜೋಡಿಯ ಎತ್ತರ ಸಮನಾಗಿರದಿದ್ದರೆ ಹೆಗಲು ಬಾವು ಬರುತ್ತದೆ. ಒಂದು ಹಳ್ಳಿಯಲ್ಲಿ ಹೊಸದಾಗಿ ಹೂಡಲು ಕಲಿತ ಹುಡುಗ ಸಣ್ಣ ಊತ ಗಮನಿಸದೆ ನಾಲ್ಕು ದಿನ ಎತ್ತು ಹೂಡಿದ. ಮನೆಯವರು ಬರೆ ಹಾಕಿಸಿದರು. ಗಾಯ ಕೀವುಗಟ್ಟಿ, ನಾಟಿ ಮುಗಿಯುವವರೆಗೆ ಎತ್ತು ಗೂಟದಲ್ಲೇ ನಿಂತಿತು. ಹೆಗಲ ಮೇಲೆ ಕೈಯಾಡಿಸಿ ನೋಡೆಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಲಿಸುವ ಕ್ರಮ:

1. ಹೂಡುವ ಮೊದಲು ಮತ್ತು ಬಿಟ್ಟ ಮೇಲೆ ಹೆಗಲು ಮುಟ್ಟಿ ನೋಡಲಿ. ಬಿಸಿ, ಊತ, ನೋವು ಕಂಡರೆ ಕೆಲಸ ನಿಲ್ಲಿಸಿ, ತಣ್ಣೀರು ಪಟ್ಟಿ ಹಾಕಿ ವೈದ್ಯರನ್ನು ಕರೆಯಿರಿ. ಬರೆ ಹಾಕಬೇಡಿ, ಊತ ಕೊಯ್ಯಬೇಡಿ.

2. ಗೊರಸಿನ ಸಂದು, ಲಾಳ ನೋಡಲಿ. ಥರ್ಮಾಮೀಟರ್ ಹಿಡಿಯಲು ಕಲಿಯಲಿ. ದನಕ್ಕೆ ಸಾಮಾನ್ಯವಾಗಿ 101–102, ಕುದುರೆಗೆ 99–101 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ.

3. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಮೊದಲು ನಡೆಸಿ. ಆಮೇಲೆ ಖಾಲಿ ಚಕ್ಕಡಿ, ನಂತರ ಹಗುರ ಹೇರು. ಆರಂಭದಲ್ಲಿ ಹದಿನೈದು–ಇಪ್ಪತ್ತು ನಿಮಿಷ ಸಾಕು.

ಬೆಳಗಾವಿ ಪೇಟೆಯಲ್ಲಿ ಟಾಂಗಾ ಓಡುತ್ತಿದ್ದ ಕಾಲದಲ್ಲಿ ಹುಡುಗರು ಮೈ ಉಜ್ಜುವುದರಿಂದ ಕೆಲಸ ಕಲಿಯುತ್ತಿದ್ದರು. ಕುದುರೆಯ ಹಿಂದೆ ನೇರವಾಗಿ ಹೋಗಬಾರದು. ಮಾತಾಡಿಸುತ್ತ ಎಡಭುಜದ ಕಡೆಯಿಂದ ಹೋಗಬೇಕು. ಎತ್ತು ಹೆಗಲಿನಿಂದ ಎಳೆಯುತ್ತದೆ, ಕುದುರೆ ಎದೆಪಟ್ಟಿಯಿಂದ. ಲಗಾಮು ಬಾಯಿಗೆ ತಾಗುವುದರಿಂದ ಜಗ್ಗಬಾರದು. ಕುದುರೆ ವಾಂತಿ ಮಾಡಲಾರದು, ಆದ್ದರಿಂದ ಮೇವು ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು ಪ್ರಾಣಕ್ಕೇ ಬರಬಹುದು. ಮೊಳೆ ಚುಚ್ಚಿದ ಗಾಯದಿಂದ ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ, ಲಸಿಕೆ ಹಾಕಿಸಿ. ಗಾಯವಾದರೆ ಕಲಿಯುವವರೂ ಧನುರ್ವಾಯು ಚುಚ್ಚುಮದ್ದು ತಪ್ಪಿಸಬಾರದು.

ಕಾನೂನೂ ಇದೆ. 1965ರ ನಿಯಮಗಳಂತೆ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಮುಳ್ಳುಕೋಲು ನಿಷಿದ್ಧ.

ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಮಗನನ್ನೋ ಮಗಳನ್ನೋ ಕರೆದು, ಎತ್ತಿನ ಹೆಗಲ ಮೇಲೆ ಅವರ ಕೈ ಇಡಿಸಿ. ಊತವಿಲ್ಲದಾಗ ಹೇಗಿರುತ್ತದೆಂದು ತಿಳಿದವರಿಗೆ ಬಾವು ಬಂದ ದಿನವೇ ಗೊತ್ತಾಗುತ್ತದೆ.