ಒಂದು ಫರ್ಲಾಂಗಿನ ಪ್ರವಾಸ

ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುಮಾರ್ಗದಲ್ಲಿ ಗುಬ್ಬಿಯನ್ನು ದಾಟಿ ತಿಪಟೂರಿನ ಕಡೆಗೆ ಸಾಗುವಾಗ ಅಮ್ಮಸಂದ್ರವೆಂಬ ನಿಲ್ದಾಣ ದೊರೆಯುತ್ತದೆ. ತುರುವೇಕೆರೆ ತಾಲ್ಲೂಕಿಗೆ ಸೇರಿದ ಈ ಊರು ಸಿಮೆಂಟಿನ ಕಾರ್ಖಾನೆಯಿಂದ ಹೆಸರು ಪಡೆದುದು. ಸುತ್ತಲೂ ತೆಂಗಿನ ತೋಟಗಳು. ದುಡಿಮೆಗಾಗಿ ಪರಸ್ಥಳಗಳಿಂದ ಬಂದು ಇಂಥ ಊರುಗಳಲ್ಲಿ ನೆಲಸಿದವರ ಮನೆಗೆ ವರ್ಷಕ್ಕೆ ಒಂದೆರಡು ಸಲ ತಾತ ಅಜ್ಜಿಯರು ಬರುವುದುಂಟು. ನಾಲ್ಕು ದಿನ ಇದ್ದು ಹಿಂದಿರುಗುವರು. ಮನೆಯಲ್ಲಿ ಎರಡು ವರ್ಷದ ಮಗುವಿದ್ದರೆ ಆ ನಾಲ್ಕು ದಿನಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ವ್ಯರ್ಥವಾಗುತ್ತದೆ.

ಮಗು ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಮೊಬೈಲಿನಲ್ಲಿ ನೋಡಿ ನಕ್ಕ ಮುಖವೇ ಆದರೂ, ಎದುರಿಗೆ ನಿಂತ ತಾತನ ಎತ್ತರ, ದನಿ, ಮೀಸೆ ಎಲ್ಲವೂ ಹೊಸವು. ಎತ್ತಿಕೊಳ್ಳಲು ಹೋದರೆ ಅಳು. ಇದು ಒಲ್ಲದ ಮನಸ್ಸಲ್ಲ. ಹುಟ್ಟಿದ ಏಳೆಂಟು ತಿಂಗಳಿನಿಂದ ಮಗು ತನ್ನವರನ್ನೂ ಹೊಸಬರನ್ನೂ ಬೇರೆಬೇರೆಯಾಗಿ ಗುರುತಿಸತೊಡಗುತ್ತದೆ. ಈ ಸಂಕೋಚ ಅದರ ಬುದ್ಧಿ ಬೆಳೆಯುತ್ತಿರುವುದರ ಗುರುತು. ಅಜ್ಜಿಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೂ ಮನಸ್ಸಿಗೆ ಸ್ವಲ್ಪ ನೋವಾಗದೆ ಇರದು.

ಈ ಸಂಕೋಚವನ್ನು ಮಿಠಾಯಿಗಿಂತ ಬೇಗನೆ ಕರಗಿಸುವುದು ತಿರುಗಾಟ. ಮನೆಯೊಳಗೆ ತಾತ ಮಗುವನ್ನೇ ನೋಡುತ್ತಾನೆ. ನೋಡಿಸಿಕೊಳ್ಳುವುದು ಮಗುವಿಗೆ ಬೇಡವಾಗಿದೆ. ಹೊರಗೆ ಬಂದೊಡನೆ ಇಬ್ಬರೂ ಕೂಡಿ ಮೂರನೆಯದೊಂದನ್ನು ನೋಡತೊಡಗುತ್ತಾರೆ. ಹಸುವೊಂದು ಎದುರಾಗುತ್ತದೆ. ಮಗು ಬೆರಳು ಚಾಚಿ "ಅಂಬಾ" ಎನ್ನುತ್ತದೆ. "ಹೌದಪ್ಪ, ಅಂಬಾ. ಕರು ಎಲ್ಲಿ?" ಎಂದು ತಾತ ಕೇಳುತ್ತಾನೆ. ಮಗು ಕರುವನ್ನು ಹುಡುಕುತ್ತದೆ. ಸ್ನೇಹ ಅಲ್ಲಿಗೆ ಆರಂಭವಾಯಿತು! ಸುಮಾರು ಒಂದು ವರ್ಷದ ಹೊತ್ತಿಗೆ ಮಗು ಬೆರಳು ತೋರಿಸುವುದನ್ನು ಕಲಿಯುತ್ತದೆ. ಅದು ತೋರಿಸಿದುದನ್ನು ಹಿರಿಯರು ನೋಡಿ ಹೆಸರು ಹೇಳಿದಾಗ ಆ ಹೆಸರು ಸುಲಭವಾಗಿ ಅದರದಾಗುತ್ತದೆ. ಭಾಷೆ ಮಕ್ಕಳಿಗೆ ಬರುವ ದಾರಿಗಳಲ್ಲಿ ಇದು ಮುಖ್ಯವಾದುದು.

ಮನೆಯಿಂದ ತೋಟಕ್ಕೆ ಒಂದು ಫರ್ಲಾಂಗು ಇದ್ದೀತು. ತಂದೆಗೆ ಅದು ಮೂರು ನಿಮಿಷದ ದಾರಿ. ಮಗುವಿಗೆ ಒಂದು ಗಂಟೆಯದು. ಇರುವೆಯ ಸಾಲೊಂದು ಕಂಡರೆ ಕುಳಿತಿತು, ಕಲ್ಲೊಂದು ಸಿಕ್ಕರೆ ಕೈಗೆ ಬಂದಿತು, ಬಂದ ದಾರಿಯನ್ನೇ ಮತ್ತೆ ಹತ್ತು ಹೆಜ್ಜೆ ಹಿಂದಕ್ಕೆ ನಡೆದದ್ದೂ ಆಯಿತು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸೊರಿ (1870–1952) ಇದನ್ನು ಚೆನ್ನಾಗಿ ಗಮನಿಸಿದ್ದರು. ದೊಡ್ಡವರು ಎಲ್ಲಿಗಾದರೂ ಸೇರುವುದಕ್ಕೆ ನಡೆಯುತ್ತಾರೆ. ಪುಟ್ಟ ಮಗು ನಡೆಯುವುದಕ್ಕಾಗಿಯೇ, ಕಾಣುವುದಕ್ಕಾಗಿಯೇ ನಡೆಯುತ್ತದೆ. ಅದರ ವೇಗಕ್ಕೆ ಹೊಂದಿಕೊಂಡರೆ ಅದು ಬಹುದೂರ ದಣಿಯದೆ ನಡೆಯಬಲ್ಲುದು ಎಂಬುದು ಅವರ ಅಭಿಪ್ರಾಯ. ಹೀಗೆ ಹೊಂದಿಕೊಳ್ಳುವುದು ದುಡಿಯುವ ತಂದೆತಾಯಿಗಳಿಗೆ ಕಷ್ಟ. ಮಂಡಿನೋವಿನ ತಾತನಿಗಾದರೋ ಅದು ತನ್ನದೇ ವೇಗ.

ತೋಟದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಬಿದ್ದ ಹಸುರು ಗರಿಯಿಂದ ಒಂದು ಎಸಳನ್ನು ಕಿತ್ತು, ಕಡ್ಡಿ ತೆಗೆದು, ಸುರುಳಿ ಸುತ್ತಿ ತಾತ ಪೀಪಿ ಮಾಡಿ ಊದುತ್ತಾನೆ. ಮಗು ಬೆಚ್ಚಿ, ಅನಂತರ ನಕ್ಕು, ಕೈ ನೀಡುತ್ತದೆ. ಅಜ್ಜಿ ಉದುರಿದ ಹೀಚುಗಳನ್ನು ಎಣಿಸಿ ಮಗುವಿನ ಅಂಗೈಯಲ್ಲಿ ಇಡುತ್ತಾಳೆ. ಫಲ ಕೊಡುವ ತೆಂಗು ಹೆಚ್ಚುಕಡಿಮೆ ತಿಂಗಳಿಗೊಂದರಂತೆ ಹೊಂಬಾಳೆ ಬಿಡುವುದರಿಂದ ಒಂದೇ ಮರದಲ್ಲಿ ಹೂ, ಹೀಚು, ಎಳನೀರು, ಬಲಿತ ಕಾಯಿಗಳನ್ನು ಒಟ್ಟಿಗೆ ಕಾಣಬಹುದು. ಎಳನೀರಿಗೆ ಆರೇಳು ತಿಂಗಳು ಬೇಕು. ಕಾಯಿ ಪೂರ್ತಿ ಬಲಿಯಲು ಒಂದು ವರ್ಷ. ಉಂಡೆ ಕೊಬ್ಬರಿಗೆ ಅದೂ ಸಾಲದು. ಕಾಯಿಗಳನ್ನು ಅಟ್ಟದ ಮೇಲೆ ಹಲವು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಅಂಥ ಕಾಯನ್ನು ಮಗುವಿನ ಕಿವಿಯ ಬಳಿ ಅಲ್ಲಾಡಿಸಿದರೆ "ಲೊಟಲೊಟ" ಎನ್ನುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗಬೇಕಾದ ಸರಕು ಮಗುವಿಗೆ ಗಿಲಕಿಯಾಯಿತು. "ಇನ್ನೊಂದ್ಸಲ" ಎಂದು ಅದು ಎಷ್ಟು ಸಲ ಕೇಳಿದರೂ ತಾತನಿಗೆ ಬೇಸರವಿಲ್ಲ.

ಈ ದಿನ ಮಗುವಿಗೆ ಮುಂದೆ ನೆನಪಿರುವುದಿಲ್ಲ. ಮೂರು ವರ್ಷಕ್ಕೆ ಮೊದಲಿನ ಘಟನೆಗಳು ದೊಡ್ಡವರಾದ ಮೇಲೆ ಹೆಚ್ಚಿನವರ ನೆನಪಿನಲ್ಲಿ ಉಳಿಯವೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಮಗುವಿಗೆ ನೆನಪು ನಿಲ್ಲುವ ವಯಸ್ಸು ಬರುವವರೆಗೆ ಎಲ್ಲ ತಾತಂದಿರೂ ಇರುತ್ತಾರೆಂದು ಹೇಳಲಾಗದು. ಹಾಗಾದರೆ ಆ ಒಂದು ಗಂಟೆ ಎಲ್ಲಿ ಹೋಯಿತು? ಘಟನೆ ಮರೆತರೂ ಅಲ್ಲಿ ಕಲಿತ ಮಾತು ಮರೆಯದು. ತಾನು ತೋರಿಸಿದುದನ್ನು ನೋಡುವವರು, ನಿಂತಲ್ಲಿ ನಿಲ್ಲುವವರು ಮನೆಯ ಹೊರಗೂ ಇದ್ದಾರೆಂಬ ನೆಚ್ಚಿಕೆಯೂ ಮಗುವಿನಲ್ಲಿ ಬೆಳೆದಿರುತ್ತದೆ. ಉಳಿದುದೆಲ್ಲ ತಾತ ಅಜ್ಜಿಯರ ಪಾಲಿನ ನೆನಪು. ಅವರು ಅದನ್ನು ಊರಿಗೆ ಕೊಂಡೊಯ್ದು, ನೆರೆಯವರಿಗೆಲ್ಲ ಹೇಳಿ, ಅದಕ್ಕೆ ಸ್ವಲ್ಪ ಬಣ್ಣವನ್ನೂ ಕಟ್ಟುವರು.

ನಾಲ್ಕನೆಯ ದಿನ ನಿಲ್ದಾಣದಲ್ಲಿ ರೈಲು ಹೊರಡುತ್ತದೆ. ಮಗು ಕೈ ಬೀಸುತ್ತದೆ. ಬರಿದಾದ ಹಳಿಗಳ ಕಡೆಗೆ ಬೆರಳು ತೋರಿಸಿ "ತಾತ" ಎನ್ನುತ್ತದೆ. ಹಿಂದಿರುಗುವಾಗ ದಾರಿಯ ಬದಿಯಲ್ಲಿ ಬಿದ್ದ ಗರಿಯ ಎಸಳೊಂದನ್ನು ಎತ್ತಿ ತಂದೆಯ ಕೈಗೆ ಕೊಡುತ್ತದೆ. ಪೀಪಿ ಮಾಡಲು ತಂದೆಗೆ ಬಂದರೆ ಸರಿ.